ಕೊನೆಯ ದೋಸೆ ಯಾರಿಗೆ?

ಚೆನ್ನಾದ ಅಡಿಗೆಗೆ ನಮ್ಮಲ್ಲಿರುವ ದೊಡ್ಡ ಹೊಗಳಿಕೆ ಎರಡು. ಒಂದು ನಳಪಾಕ, ಇನ್ನೊಂದು ಭೀಮಪಾಕ. ಇಬ್ಬರೂ ಗಂಡಸರು. ದಿನ ಬೆಳಗಾದರೆ ಒಲೆಯ ಮುಂದೆ ನಿಲ್ಲುವವಳ ಹೆಸರಿನಲ್ಲಿ ಒಂದು ಪಾಕವೂ ಇಲ್ಲ. ಊಟದ ಮಾತಿನಲ್ಲಿ ಹೆಣ್ಣಿನ ಹೆಸರು ಬರುವುದು ಅಕ್ಷಯಪಾತ್ರೆಯ ಕತೆಯಲ್ಲಿ. ಅಲ್ಲಿಯಾದರೂ ದ್ರೌಪದಿಗೆ ಇದ್ದ ಕಟ್ಟಳೆ ಏನು? ಎಲ್ಲರ ಊಟವಾದ ಮೇಲೆ ಅವಳು ಉಣ್ಣಬೇಕು. ಅವಳು ಉಂಡಳೋ, ಪಾತ್ರೆ ಅವತ್ತಿಗೆ ಬರಿದು. ಪಾತ್ರೆ ನಮಗೆ ಸಿಗಲಿಲ್ಲ, ಕಟ್ಟಳೆ ಮಾತ್ರ ಉಳಿದುಕೊಂಡಿತು!

ಗಂಡಸು ಮಾಡಿದರೆ ಅಡಿಗೆ ಕಲೆ, ಹೆಂಗಸು ಮಾಡಿದರೆ ಕರ್ತವ್ಯ ಎನ್ನುವುದು ನಮ್ಮ ದೇಶದ ಸೊತ್ತು ಮಾತ್ರವಲ್ಲ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನಮ್ಮನ್ನೂ ಬೀಗರನ್ನೂ ಒಂದು ಜಪಾನೀ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿಯವರು ಅದನ್ನು ಹಿಬಾಚಿ ಎನ್ನುತ್ತಾರೆ. ನಿಜಕ್ಕೂ ಜಪಾನಿನಲ್ಲಿ ಹಿಬಾಚಿ ಎಂದರೆ ಚಳಿಗೆ ಕೈ ಕಾಯಿಸಿಕೊಳ್ಳುವ ಕೆಂಡದ ಅಗ್ಗಿಷ್ಟಿಕೆ. ಈ ಅಡಿಗೆಯ ಸರಿಯಾದ ಹೆಸರು ತೆಪ್ಪನ್‌ಯಾಕಿ. ತೆಪ್ಪನ್ ಅಂದರೆ ಕಬ್ಬಿಣದ ಹಲಗೆ, ಅಂದರೆ ನಮ್ಮ ಕಾವಲಿಯೇ. 1945ರಲ್ಲಿ ಕೋಬೆ ಪಟ್ಟಣದ ಮಿಸೊನೊ ಎಂಬ ಹೋಟೆಲಿನವರು ಶುರುಮಾಡಿದ್ದನ್ನು 1964ರಲ್ಲಿ ರಾಕಿ ಅಓಕಿ ಎಂಬಾತ ನ್ಯೂಯಾರ್ಕಿನಲ್ಲಿ ನಾಲ್ಕು ಮೇಜು ಹಾಕಿ ಅಮೆರಿಕಕ್ಕೆ ಒಗ್ಗಿಸಿದ. ಅವನ ಜಾಣತನವಿಷ್ಟೆ: ಒಳಗಿದ್ದ ಅಡಿಗೆಮನೆಯನ್ನು ತಂದು ಉಣ್ಣುವವರ ಕಣ್ಣೆದುರಿಗೇ ಇಟ್ಟ. ಹಾರ್ವರ್ಡ್‌ನವರು ಈ ಉಪಾಯವನ್ನು 1972ರಲ್ಲಿ ವ್ಯಾಪಾರ ಕಲಿಯುವವರಿಗೆ ಪಾಠ ಮಾಡಿಬಿಟ್ಟರು.

ಕಾವಲಿಯ ಮೂರು ಕಡೆ ನಾವು ಕೂತೆವು. ಟೊಪ್ಪಿ ಹಾಕಿದ ಹುಡುಗನೊಬ್ಬ ಬಂದು ಕಾವಲಿ ಉಜ್ಜಿ, ಈರುಳ್ಳಿಯ ಬಿಲ್ಲೆಗಳನ್ನು ಗೋಪುರದಂತೆ ಪೇರಿಸಿ, ಎಣ್ಣೆ ಹೊಯ್ದು ಬೆಂಕಿ ಎಬ್ಬಿಸಿದ. ಮೊಟ್ಟೆಯನ್ನು ಮಗುಚುವ ಕೈಯ ಮೇಲೆ ಬುಗುರಿಯಂತೆ ತಿರುಗಿಸಿದ. ಮೊಮ್ಮಗ ಕಿರುಚಿದ. ನಮ್ಮ ಯಜಮಾನರಂತೂ ಚಪ್ಪಾಳೆ ತಟ್ಟಿ, "ಏನು ಕೈಚಳಕ ಕಣೇ, ನೋಡಿದೆಯಾ?" ಎಂದರು. ನೋಡಿದೆ. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಗಂಟಾಗದಂತೆ ಕೋಲಿನಲ್ಲಿ ತೊಳಸಿ, ಸುಡುಸುಡುವಾಗಲೇ ಮುದ್ದೆ ಕಟ್ಟುವುದನ್ನು ಅವರು ಮೂವತ್ತು ವರ್ಷದಿಂದ ಉಂಡಿದ್ದಾರೆ, ನೋಡಿರಲಿಲ್ಲ. ಬಾಳೆಲೆಯ ಮೇಲೆ ತಟ್ಟಿದ ಹೋಳಿಗೆಯನ್ನು ಹರಿಯದಂತೆ ಕಾವಲಿಗೆ ಜಾರಿಸುವುದು ಯಾವ ಬುಗುರಿಗಿಂತ ಕಡಿಮೆ, ನೀವೇ ಹೇಳಿ.

ಆದರೆ ನನ್ನ ತಕರಾರು ಚಪ್ಪಾಳೆಯದಲ್ಲ. ಬೆಂಕಿ ಆರಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೀಗಿತ್ತಿ, ಮಗಳು, ನಾನು, ಮೂವರು ಹೆಂಗಸರೂ ಕೂತೇ ಇದ್ದೆವು! ಉಪ್ಪಿಗೆಂದು, ನೀರಿಗೆಂದು ಯಾರೂ ಏಳಲಿಲ್ಲ. ಎಲ್ಲರ ತಟ್ಟೆಗೂ ಒಂದೇ ಹೊತ್ತಿಗೆ ಬಿಸಿ ಅನ್ನ ಬಿತ್ತು. ಅರವತ್ತು ದಾಟಿದ ಬೀಗಿತ್ತಿ, "ಬಿಸಿಯಾಗಿ ಉಂಡು ಎಷ್ಟು ದಿನವಾಗಿತ್ತು" ಎಂದರು. ಇಂಥ ಸಣ್ಣ ಸುಖಕ್ಕೆ ಏಳು ಸಮುದ್ರ ದಾಟಿ, ಡಾಲರು ತೆತ್ತು, ಮೇಲೆ ನೂರಕ್ಕೆ ಇಪ್ಪತ್ತು ಭಕ್ಷೀಸು ಕೊಡಬೇಕೆ?

"ಅವನದು ಸಂಬಳದ ಕೆಲಸ, ನಿಮ್ಮದು ಪ್ರೀತಿ" ಎಂದು ಹೇಳುವವರಿದ್ದಾರೆ. ಸರಿ. ಪ್ರೀತಿಯಾದರೆ ಅದು ಒಂದೇ ಕಡೆಯಿಂದ ಏಕೆ ಹರಿಯಬೇಕು? ಸರ್ಕಾರದವರೇ 2019ರಲ್ಲಿ ದೇಶದಾದ್ಯಂತ ಲೆಕ್ಕ ಹಾಕಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸು 97 ನಿಮಿಷ. ಅದೂ ಮಾಡುವ ಗಂಡಸಿನ ಲೆಕ್ಕ. ನೂರರಲ್ಲಿ ಸುಮಾರು 26 ಗಂಡಸರು ಮಾತ್ರ ಆ ಲೆಕ್ಕದಲ್ಲಿ ಸೇರುತ್ತಾರೆ. 2024ರ ಎಣಿಕೆಯಲ್ಲಿ ಹೆಂಗಸಿನದು 289 ನಿಮಿಷವಾಯಿತು. ಐದು ವರ್ಷಕ್ಕೆ ಹತ್ತು ನಿಮಿಷದ ಬಿಡುಗಡೆ!

ಆ ಟೊಪ್ಪಿಯ ಹುಡುಗನೂ ನಮ್ಮೊಡನೆ ಕೂತು ಉಣ್ಣಲಿಲ್ಲ. ಕಾವಲಿ ಒರೆಸಿ ಇನ್ನೊಂದು ಮೇಜಿಗೆ ನಡೆದ. ಅವನ ಕಾಲೂ ನೋಯುತ್ತದೆ. ಆದರೆ ಅವನ ಕೆಲಸಕ್ಕೆ ಕೂಲಿ ಇದೆ, ಮನೆಗೆ ಹೋಗುವ ಹೊತ್ತು ಇದೆ. ನಮಗೆ ಎರಡೂ ಇಲ್ಲ.

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ 'ನನ್ನ ತಾಯಿ' ಎಂದು ಪ್ರಬಂಧ ಬರೆಸಿದೆ. ಒಬ್ಬರೂ ಬಿಡದೆ, ತಾಯಿ ರುಚಿಯಾದ ಅಡಿಗೆ ಮಾಡುತ್ತಾಳೆ ಎಂದು ಬರೆದರು. ಪುಸ್ತಕ ಹಿಂದಿರುಗಿಸುವಾಗ, "ಇವತ್ತು ಬೆಳಿಗ್ಗೆ ನಿಮ್ಮಮ್ಮ ಏನು ತಿಂದರು?" ಎಂದು ಕೇಳಿದೆ. ನಲವತ್ತೊಂದು ಮಕ್ಕಳಲ್ಲಿ ಕೈ ಎತ್ತಿದವರು ಮೂವರು, ಮೂವರೂ ಹುಡುಗಿಯರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಅದಕ್ಕೆ ಕಾರಣಗಳು ಹಲವು, ಒಪ್ಪುತ್ತೇನೆ. ಆದರೆ ಉಳಿದರೆ ಉಣ್ಣುವುದು, ಉಳಿಯದಿದ್ದರೆ ಉಪ್ಪಿನಕಾಯಿ ಮಜ್ಜಿಗೆಯಲ್ಲಿ ಮುಗಿಸುವುದು ಯಾವ ರಕ್ತವನ್ನೂ ಹೆಚ್ಚಿಸುವುದಿಲ್ಲ.

ನಮ್ಮಲ್ಲೂ ತಪ್ಪು ತಿಳಿವಳಿಕೆ ಇದೆ. "ಎಲ್ಲರಿಗೂ ಬಿಸಿಬಿಸಿ ದೋಸೆ ಹಾಕಿಕೊಟ್ಟರೇ ನನಗೆ ಹೊಟ್ಟೆ ತುಂಬಿದಂತೆ" ಎನ್ನುತ್ತೇವೆ. ದೋಸೆ ತಿನ್ನದೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದನ್ನು ತ್ಯಾಗವೆಂದು ಹೆಣ್ಣುಮಕ್ಕಳಿಗೆ ಕಲಿಸುತ್ತ ಹೋದರೆ ಕಾವಲಿಯ ಮುಂದೆ ನಾಳೆ ಅವರು ನಿಲ್ಲುತ್ತಾರೆ, ಅಷ್ಟೆ.

ನಾನು ಹೇಳುವುದು ದೊಡ್ಡ ಕ್ರಾಂತಿಯನ್ನೇನೂ ಅಲ್ಲ. ಅನ್ನ, ಸಾರು, ಪಲ್ಯ ಎಲ್ಲವನ್ನೂ ತಂದು ನಡುವೆ ಇಡಿ. ಎಲ್ಲರೂ ಒಟ್ಟಿಗೆ ಕೂರಿ. ಬೇಕಾದವರು ಬೇಕಾದದ್ದನ್ನು ಬಡಿಸಿಕೊಳ್ಳಲಿ. ನೀರು ಬೇಕಾದವನು ಎದ್ದು ತರಲಿ. ದೋಸೆಯ ದಿನ ಸರದಿ ಇರಲಿ: ಎರಡು ದೋಸೆ ನೀವು, ಎರಡು ಯಜಮಾನರು, ಎರಡು ಮಗ. ಹರಿದರೆ ಹರಿಯಲಿ, ಹರಿದ ದೋಸೆಗೂ ಚಟ್ನಿ ಹತ್ತುತ್ತದೆ. ಸರದಿ ತಪ್ಪಿಸಿಕೊಂಡವರಿಗೆ ಕೊನೆಯ ತಣ್ಣನೆಯ ದೋಸೆ ಎಂದು ಕಟ್ಟಳೆ ಮಾಡಿ. ಒಂದು ತಿಂಗಳು ಹೀಗೆ ನಡೆಸಿ ನೋಡಿ, ನಳನೂ ಭೀಮನೂ ನಿಮ್ಮ ಮನೆಯಲ್ಲೇ ಹುಟ್ಟುತ್ತಾರೆ.