ಬಿಡುವಿನ ವೇಳೆ: ಕುಂಚ ಕೈಗೆ ಬಂದಾಗ



ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಮಗಳು ಶಾಲೆಗೆ ಹೋದ ಮೇಲೆ ಅವಳ ಬಣ್ಣದ ಪೆಟ್ಟಿಗೆ ತೆಗೆದು ಒಂದು ದಾಸವಾಳದ ಹೂ ಬರೆಯಲು ಕೂತರಂತೆ. ಬಣ್ಣ ಹರಿದು ಕಾಗದವೆಲ್ಲ ರಾಡಿಯಾಯಿತು. ಕುಂಚದ ಕೂದಲು ಹಳೇ ಪೊರಕೆಯ ಹಾಗೆ ಕೆದರಿಕೊಂಡಿತು. ಸಂಜೆ ಮಗಳು ಅತ್ತಳು, ಯಜಮಾನರು ನಕ್ಕರು. “ನಲವತ್ತು ದಾಟಿದ ಮೇಲೆ ನನಗಿದೆಲ್ಲ ಬೇಕಿತ್ತೇ?” ಎಂದು ಕೇಳಿದ್ದಾರೆ.

ಬೇಕಿತ್ತು ಕಣ್ರೀ, ಖಂಡಿತ ಬೇಕಿತ್ತು! ದಿನಾ ಬೆಳಿಗ್ಗೆ ಬಾಗಿಲ ಮುಂದೆ ಎಳೆ ರಂಗೋಲಿ ಬಿಡುವ ಕೈಗೆ ಗೆರೆ ಬಾರದು ಅಂದರೆ ಯಾರು ನಂಬುತ್ತಾರೆ? ಸಾಗರದ ಕಡೆಯ ದೀವರ ಹೆಣ್ಣುಮಕ್ಕಳನ್ನೇ ನೋಡಿ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ವಿದ್ಯೆ ಅವರಿಗೆ ತಾಯಿಯಿಂದ ಮಗಳಿಗೆ ಬಂದದ್ದು. ಪುಂಡಿ ನಾರೇ ಅವರ ಕುಂಚ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು. ಎಲ್ಲ ಅಡುಗೆಮನೆಯ ಸಾಮಾನೇ!

ಈ ಸೋದರಿಯ ಕೈಯಲ್ಲಿ ಆದ ತಪ್ಪು ಎರಡೇ. ನೀರು ಹೆಚ್ಚಾಯಿತು, ಕುಂಚವನ್ನು ಒತ್ತಿ ಉಜ್ಜಿದ್ದಾಯಿತು. ಎರಡಕ್ಕೂ ಮದ್ದಿದೆ.

ಬೇಕಾಗುವ ಸಾಮಾನು

2 ಮತ್ತು 6ನೇ ನಂಬರಿನ ದುಂಡು ಕುಂಚ ಒಂದೊಂದು, ಅರ್ಧ ಇಂಚಿನ ಚಪ್ಪಟೆ ಕುಂಚ ಒಂದು, ನೀರುಬಣ್ಣ, ದಪ್ಪನೆಯ ಡ್ರಾಯಿಂಗ್ ಕಾಗದ, ಹಳೆಯ ಹತ್ತಿ ಬಟ್ಟೆ. ಎರಡು ಡಬ್ಬಿ ನೀರು ಇಟ್ಟುಕೊಳ್ಳಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಅಡುಗೆಯ ಲೋಟ ಮಾತ್ರ ಬೇಡ. ಕೆಲವು ಬಣ್ಣಗಳು ಹೊಟ್ಟೆಗೆ ಹೋಗಬಾರದಂಥವು. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವೂ ಬೇಡ.

ಅಂಗಡಿಯಲ್ಲಿ ದುಂಡು ಕುಂಚ ಕೊಳ್ಳುವಾಗ ನೀರಿಗೆ ಅದ್ದಿ ಒಮ್ಮೆ ಕೊಡವಿ ನೋಡಿ. ತುದಿ ತಾನಾಗಿ ಚೂಪಾದರೆ ಒಳ್ಳೆಯ ಕುಂಚ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು. ಕಲಿಯುವವರಿಗೆ ನೈಲಾನ್ ಕುಂಚವೇ ಸಾಕು. ಬಾಳಿಕೆ ಬರುತ್ತದೆ, ಅಳಿಲಿಗೂ ಕ್ಷೇಮ!

ಹಿಡಿಯುವುದು, ಕಲಸುವುದು

ಸಣ್ಣ ಗೆರೆಗೆ ತಗಡಿನ ಪಟ್ಟಿಯ ಹತ್ತಿರ, ಪೆನ್ಸಿಲ್ ಹಿಡಿದಂತೆ ಹಿಡಿಯಿರಿ. ಕಿರುಬೆರಳು ಕಾಗದಕ್ಕೆ ತಾಗಿರಲಿ, ನಡುಕ ನಿಲ್ಲುತ್ತದೆ. ಉದ್ದನೆಯ ಬಳ್ಳಿ ಎಳೆಯುವಾಗ ಹಿಡಿಯ ನಡುವೆ ಹಿಡಿದು, ಬೆರಳನ್ನಲ್ಲ, ಇಡೀ ತೋಳನ್ನು ಆಡಿಸಿ.

ಬಣ್ಣದ ಹದ ನಿಮಗೆ ಹೊಸದಲ್ಲ. ಆಕಾಶಕ್ಕೆ ತಿಳಿಸಾರಿನ ಹದ, ಎಲೆಗೆ ಮಜ್ಜಿಗೆಯ ಹದ, ಕೊನೆಯ ಗಾಢ ಗೆರೆಗೆ ದೋಸೆ ಹಿಟ್ಟಿನ ಹದ. ಕುಂಚ ಅದ್ದಿದ ಮೇಲೆ ಡಬ್ಬಿಯ ಅಂಚಿಗೆ ಸವರಿ, ಬಟ್ಟೆಗೆ ಒಮ್ಮೆ ತಾಗಿಸಿ. ತೊಟ್ಟಿಕ್ಕುವ ಕುಂಚವನ್ನು ಕಾಗದಕ್ಕೆ ಇಡಲೇಬೇಡಿ.

ನಾಲ್ಕು ಪಾಠ

1. ಎಲೆ: ದುಂಡು ಕುಂಚದ ತುದಿ ಇಡಿ, ಮೆಲ್ಲಗೆ ಒತ್ತುತ್ತ ಎಳೆಯಿರಿ, ಹಾಗೇ ಎತ್ತುತ್ತ ಮುಗಿಸಿ. ಒಂದೇ ಎಳೆತಕ್ಕೆ ಮಾವಿನೆಲೆ ಸಿದ್ಧ. ಐವತ್ತು ಸಲ ಮಾಡಿ.

2. ಬಯಲು ಬಣ್ಣ: ಹಲಗೆಯನ್ನು ಕೊಂಚ ಓರೆ ಮಾಡಿ, ಚಪ್ಪಟೆ ಕುಂಚದಲ್ಲಿ ಎಡದಿಂದ ಬಲಕ್ಕೆ ಬಳಿಯಿರಿ. ಕೆಳಗಂಚಿನಲ್ಲಿ ನಿಂತ ಬಣ್ಣವನ್ನು ಮುಂದಿನ ಎಳೆತ ಎತ್ತಿಕೊಳ್ಳಬೇಕು. ಒಣಗುತ್ತಿರುವ ಕಡೆಗೆ ಮತ್ತೆ ಕೈ ಹಾಕಿದರೆ ಕಲೆ ಉಳಿಯುತ್ತದೆ.

3. ಒಣ ಕುಂಚ: ದಪ್ಪ ಬಣ್ಣ ತೆಗೆದುಕೊಂಡು ಬಟ್ಟೆಗೆ ಒರೆಸಿ, ಕುಂಚ ಮಲಗಿಸಿ ಹಗುರವಾಗಿ ಎಳೆಯಿರಿ. ತೆಂಗಿನ ಮರದ ಒರಟು ಮೈ ಮೂಡುತ್ತದೆ.

4. ಒದ್ದೆಯ ಮೇಲೆ ಒದ್ದೆ: ಕಾಗದವನ್ನು ಬರಿಯ ನೀರಿನಿಂದ ತೋಯಿಸಿ, ಮಿಂಚು ಇಳಿಯುತ್ತಿದ್ದಂತೆ ಬಣ್ಣ ತಾಗಿಸಿ. ಮಳೆಗಾಲದ ಮೋಡ ತಾನಾಗಿ ಹರಡುತ್ತದೆ.

ಗೆಂಡೆಹಳ್ಳಿಯ ಸೋದರಿಗೆ ಇನ್ನೊಂದು ಮಾತು. ನಿಮ್ಮ ಗುರುಗಳು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. 1117ರ ಬೇಲೂರು ಚೆನ್ನಕೇಶವನ ಗುಡಿ, ಹಳೇಬೀಡಿನ ಹೊಯ್ಸಳೇಶ್ವರನ ಗುಡಿ, ಸೋಮನಾಥಪುರದ ಕೇಶವನ ಗುಡಿ, ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಹಳೇಬೀಡಿನ ಗೋಡೆಯ ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿ, ಕುದುರೆ ಸವಾರರು, ಮೇಲೆ ಹಂಸಗಳು. ಮುಂದಿನ ಸಲ ನೆಂಟರನ್ನು ಕರೆದುಕೊಂಡು ಹೋದಾಗ ಆ ಬಳ್ಳಿಯ ಸಾಲನ್ನೊಂದು ಚೀಟಿಯಲ್ಲಿ ಗುರುತು ಮಾಡಿಕೊಂಡು ಬನ್ನಿ. ಒಮ್ಮೆ ಮೇಲೆ ಬಾಗಿ, ಒಮ್ಮೆ ಕೆಳಗೆ ಬಾಗಿ ಸಾಗುವ ಆ ಒಂದೇ ಗೆರೆ ಕೈಗೆ ಬಂದರೆ ಅರ್ಧ ಚಿತ್ರಕಲೆ ಬಂದ ಹಾಗೆ.

ಕುಂಚದ ಆರೈಕೆ

ನಾನು ಹುಡುಗಿಯಾಗಿದ್ದಾಗ ಅಪ್ಪ ತಂದುಕೊಟ್ಟ ಮೊದಲ ಕುಂಚವನ್ನು ರಾತ್ರಿಯಿಡೀ ನೀರಿನ ಲೋಟದಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ತುದಿ ಕೊಕ್ಕೆಯಾಗಿತ್ತು, ಹಿಡಿ ಉಬ್ಬಿತ್ತು. ಅಪ್ಪ ಬೈಯಲಿಲ್ಲ. ಇನ್ನೊಂದು ತರಲೂ ಇಲ್ಲ. ಆ ಕೊಕ್ಕೆಯಲ್ಲೇ ಒಂದು ವರ್ಷ ಬರೆದೆ!

ನೀವು ಹಾಗೆ ಮಾಡಬೇಡಿ. ಕೆಲಸ ಮುಗಿದ ಕೂಡಲೇ ತಣ್ಣೀರಿನಲ್ಲಿ, ತುಸು ಸೋಪು ಹಚ್ಚಿ ತೊಳೆಯಿರಿ. ಬಿಸಿನೀರು ತಾಗಿದರೆ ಕೂದಲು ಹಿಡಿದಿರುವ ಅಂಟು ಸಡಿಲವಾಗುತ್ತದೆ. ಬೆರಳಿನಿಂದ ತುದಿ ತಿದ್ದಿ, ಮಲಗಿಸಿ ಒಣಗಿಸಿ. ಆಮೇಲೆ ಕೂದಲು ಮೇಲಾಗಿ ಡಬ್ಬಿಯಲ್ಲಿ ನಿಲ್ಲಿಸಿ.

ಮಗಳಿಗೆ ಹೊಸ ಕುಂಚವೊಂದನ್ನು ಕೊಡಿಸಿ ಸಮಾಧಾನ ಮಾಡಿ. ನಿಮಗೂ ಒಂದು ಕೊಂಡುಕೊಳ್ಳಿ, ಬೇರೆಯದು, ನಿಮ್ಮದೇ ಆದದ್ದು. ಊಟವಾಗಿ ಪಾತ್ರೆ ತೊಳೆದ ಮೇಲಿನ ಅರ್ಧ ಗಂಟೆ ಅದಕ್ಕೆ ಮೀಸಲಿರಲಿ. ತಾಯಿ ಮಗಳು ಜೊತೆಗೆ ಕೂತು ಬರೆಯುವ ಮನೆಯಲ್ಲಿ ನಗುವವರು ಎಷ್ಟು ದಿನ ನಕ್ಕಾರು, ಹೇಳಿ?

ಮುಂದಿನ ಸಂಚಿಕೆಯಲ್ಲಿ ಬಣ್ಣ ಬೆರೆಸುವ ಬಗೆ ನೋಡೋಣ. ಅಷ್ಟರೊಳಗೆ ಐವತ್ತು ಮಾವಿನೆಲೆ ಮುಗಿದಿರಲಿ!