ರೋಗಿಯ ಪಕ್ಕ ಕುಳಿತ ಗಿಟಾರ್

ವೇಗವಾಗಿ ನುಡಿಸಬಲ್ಲ ಗಿಟಾರ್ ವಾದಕ ಒಂದು ಇಡೀ ಆಲ್ಬಮ್ಮನ್ನು ಮೆಲ್ಲಗೆ ನುಡಿಸಿದರೆ ನಮ್ಮ ಹುಡುಗರು ಅದಕ್ಕೆ ಕೊಡುವ ಹೆಸರು ‘ಸಪ್ಪೆ’. ನಮ್ಮ ಕಾಲೇಜಿನಲ್ಲಿ ಮೆಟಲ್ ಸಂಗೀತ ಕೇಳುವವರು ಹೆಚ್ಚು ಜನ ಇಲ್ಲ, ಎರಡು ಬೆಂಚು ತುಂಬಿದರೆ ದೊಡ್ಡದು. ಆ ಎರಡು ಬೆಂಚಿನವರ ನಡುವೆಯೇ ಬಕೆಟ್‌ಹೆಡ್‌ನ ‘ಕೋಲ್ಮಾ’ ಬಗ್ಗೆ ಒಂದು ವಾರದಿಂದ ಜಗಳ ನಡೆದಿದೆ. ನಾನು ಅದರ ಪರ. ಉಳಿದವರೂ ಓದಲಿ ಎಂದು ನನ್ನ ವಾದವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಕೆಟ್‌ಹೆಡ್ ಅಮೆರಿಕದ ಕ್ಯಾಲಿಫೋರ್ನಿಯಾದವನು. ನಿಜವಾದ ಹೆಸರು ಬ್ರಯನ್ ಕ್ಯಾರಲ್, ಹುಟ್ಟಿದ್ದು 1969ರಲ್ಲಿ. ಯಾವ ಭಾವವೂ ಕಾಣದ ಬಿಳಿ ಮುಖವಾಡ ಹಾಕಿಕೊಂಡು, ಕೋಳಿ ಹುರಿದು ಮಾರುವ ಅಂಗಡಿಯ ರಟ್ಟಿನ ಬಕೆಟ್ಟನ್ನು ತಲೆಯ ಮೇಲೆ ಕವುಚಿಕೊಂಡು ವೇದಿಕೆಗೆ ಬರುತ್ತಾನೆ. ಆ ಬಕೆಟ್ ಮೇಲೆ ‘ಫ್ಯೂನರಲ್’ ಎಂದು ದಪ್ಪ ಅಕ್ಷರದ ಚೀಟಿ ಬೇರೆ. ನಡುನಡುವೆ ರೋಬೋಟ್ ಥರ ಕುಣಿಯುತ್ತಾನೆ. ಬೆರಳುಗಳ ವೇಗ ಕಣ್ಣಿಗೆ ನಿಲುಕುವುದಿಲ್ಲ. 2000ದಿಂದ 2004ರವರೆಗೆ ಗನ್ಸ್ ಎನ್ ರೋಸಸ್ ತಂಡದಲ್ಲಿದ್ದ. ಮೆಟಲ್ ಮಾತ್ರವಲ್ಲ, ಫಂಕ್ ಕೂಡ ನುಡಿಸುತ್ತಾನೆ. ಆದರೆ ಹೆಚ್ಚಿನವರು ಹುಡುಕಿಕೊಂಡು ಬರುವುದು ಆ ವೇಗಕ್ಕೆ, ಆ ಗದ್ದಲಕ್ಕೆ. ಮುಖ ಕಾಣದವರ ಬಗ್ಗೆ ಜನ ತಮಗೆ ತೋಚಿದ್ದನ್ನೆಲ್ಲ ಊಹಿಸಿಕೊಳ್ಳುತ್ತಾರೆ. ಇದನ್ನು ನಮ್ಮ ಕಾಲೇಜಿನ ಹುಡುಗಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈತನ ವಿಷಯದಲ್ಲೂ ಅಷ್ಟೆ: ವಿಚಿತ್ರ ಮನುಷ್ಯ, ಹೆದರಿಸಲು ಬಂದವನು ಎಂದುಕೊಳ್ಳುತ್ತಾರೆ.

ಆ ಮನುಷ್ಯನ ತಾಯಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ಚೇತರಿಸಿಕೊಳ್ಳುವಾಗ ಅವರು ಖುಷಿಯಿಂದ ಕೇಳಬಹುದಾದ ಆಲ್ಬಮ್ ಒಂದು ಇರಲಿ ಎಂದು ಈತ ಮಾಡಿದ್ದೇ ‘ಕೋಲ್ಮಾ’. 1998ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಒಟ್ಟು 13 ತುಣುಕುಗಳು, ಯಾವುದಕ್ಕೂ ಸಾಹಿತ್ಯವಿಲ್ಲ. ಎರಡನೆಯದರ ಹೆಸರೇ ‘ಫಾರ್ ಮಾಮ್’. ಇನ್ನೊಂದು, ಅಪ್ಪನ ಜೊತೆ ದೋಣಿಗಳನ್ನು ನೋಡುತ್ತಾ ಕುಳಿತದ್ದರ ಬಗ್ಗೆ. ಹೆಸರಿನಲ್ಲಿ ಹೇಳಿರುವುದು ಅಷ್ಟೇ, ಉಳಿದದ್ದೆಲ್ಲ ತಂತಿಯ ಮೇಲೆ.

ಪೂರ್ತಿ ಅಕೌಸ್ಟಿಕ್ ಎನ್ನುವಂತಿಲ್ಲ. ಕೆಲವು ಕಡೆ ಬ್ರೇನ್ ಎಂಬ ಹೆಸರಿನ ಡ್ರಮ್ಮರ್ ಇದ್ದಾನೆ, ಬಿಲ್ ಲ್ಯಾಸ್ವೆಲ್‌ನ ಬಾಸ್ ಇದೆ, ಡಿಜೆ ಡಿಸ್ಕ್ ರೆಕಾರ್ಡ್ ತಟ್ಟೆಗಳನ್ನು ಕೆರೆಯುವ ಸದ್ದೂ ಇದೆ. ಆದರೆ ಇಡೀ ಆಲ್ಬಮ್ಮಿನ ದನಿ ತಗ್ಗಿದ್ದು. ‘ಬಿಗ್ ಸರ್ ಮೂನ್’ ಎಂಬ ತುಣುಕನ್ನು ಗಮನಿಸಿ. ಒಂದು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು. ಅದರಲ್ಲಿ ಬೆರಳು ವೇಗವಾಗಿಯೇ ಓಡುತ್ತದೆ, ಒಂದು ಸ್ವರದ ಪ್ರತಿಧ್ವನಿ ಮುಗಿಯುವ ಮೊದಲೇ ಇನ್ನೊಂದು ಬಂದು ಸೇರುತ್ತದೆ, ಆದರೂ ಕೇಳುವವರಿಗೆ ಗಾಬರಿಯಾಗುವುದಿಲ್ಲ. ನೀರಿನ ಮೇಲೆ ಬೆಳಕು ನಡುಗಿದ ಹಾಗೆ ಇರುತ್ತದೆ. ಅಂದರೆ ಈತ ತನಗೆ ಗೊತ್ತಿರುವುದನ್ನು ಬಿಟ್ಟುಕೊಟ್ಟಿಲ್ಲ. ಯಾರ ಮುಂದೆ ನುಡಿಸುತ್ತಿದ್ದೇನೆ ಎಂದು ನೋಡಿಕೊಂಡಿದ್ದಾನೆ. ನನ್ನ ವಾದ ಇಷ್ಟೇ.

ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವುದಕ್ಕೆ ಇಯಾದತ್ ಎನ್ನುತ್ತೇವೆ. ಒಬ್ಬ ಮುಸಲ್ಮಾನನ ಮೇಲೆ ಇನ್ನೊಬ್ಬನಿಗಿರುವ ಹಕ್ಕುಗಳಲ್ಲಿ ಅದೂ ಒಂದು ಎಂದು ಮದರಸಾದಲ್ಲಿ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಹೋಗುವುದನ್ನು ಎಲ್ಲರೂ ಕಲಿತಿದ್ದೇವೆ, ಹೋಗಿ ಏನು ಮಾಡಬೇಕು ಎನ್ನುವುದನ್ನು ಕಲಿತವರು ಕಡಿಮೆ. ಕಳೆದ ವರ್ಷ ನಮ್ಮ ನಾನಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದವರಲ್ಲಿ ನೆಂಟರೊಬ್ಬರು ಅದೇ ಕಾಯಿಲೆಯಿಂದ ಯಾರ್ಯಾರು ತೀರಿಕೊಂಡರು ಎಂಬ ಪಟ್ಟಿ ಒಪ್ಪಿಸಿದರು. ಇನ್ನೊಬ್ಬರು ಮಂಚದ ಪಕ್ಕದಲ್ಲೇ ಫೋನಿನಲ್ಲಿ ಜಮೀನಿನ ವ್ಯವಹಾರ ಮುಗಿಸಿದರು. ನಮ್ಮ ಪಕ್ಕದ ಮನೆಯ ಆಂಟಿ ಬಂದು, ಎರಡು ಮೂಸಂಬಿ ಸುಲಿದು, ನಾರು ತೆಗೆದು ಒಂದೊಂದೇ ತೊಳೆ ಕೊಟ್ಟು, ಕಾಲು ಒತ್ತಿ ಹೊರಟುಹೋದರು. ಹದಿನೈದು ನಿಮಿಷ ಇದ್ದಿರಬಹುದು. ಅವರು ಹೋದ ಮೇಲೆ ನಾನಿ ಅಮ್ಮಿಗೆ ಹೇಳಿದ್ದು, “ಆಕೆಯನ್ನು ನಾಳೆಯೂ ಬರಹೇಳು.”

‘ಕೋಲ್ಮಾ’ ಆ ಆಂಟಿಯ ಥರದ ಆಲ್ಬಮ್. ಬಂದು ಕೂರುತ್ತದೆ, ಕೈಯಲ್ಲಿ ಏನೋ ಕೆಲಸ ಇರುತ್ತದೆ, ಹೆಚ್ಚು ಮಾತಾಡುವುದಿಲ್ಲ. ಮಗ ದೊಡ್ಡ ವಾದಕ ಎಂದು ತಾಯಿಗೆ ತೋರಿಸಬೇಕಾದ ಅಗತ್ಯ ಇರಲಿಲ್ಲ, ಅವರಿಗೆ ಅದು ಮೊದಲೇ ಗೊತ್ತು.

ಬಿಸಿನೆಸ್ ಸ್ಟಡೀಸ್‌ನಲ್ಲಿ ಮಾರ್ಕೆಟಿಂಗ್ ಪಾಠ ಓದಿದವರಿಗೆ ಇದು ತಮಾಷೆಯಾಗಿ ಕಾಣಬಹುದು. ಗ್ರಾಹಕರಿಗೆ ಏನು ಬೇಕೆಂದು ಮೊದಲು ತಿಳಿದುಕೊಳ್ಳಿ ಎಂದು ಪಾಠ ಹೇಳುತ್ತದೆ. ಇಲ್ಲಿ ಗ್ರಾಹಕರು ಒಬ್ಬರೇ, ಅವರೂ ಹಾಸಿಗೆ ಹಿಡಿದವರು. ಹಾಗಿದ್ದೂ ಈತನ ಸಂಗೀತಕ್ಕೆ ಹೊಸಬರಾದವರಿಗೆ ಅಭಿಮಾನಿಗಳು ಮೊದಲು ಹೇಳುವ ಹೆಸರುಗಳಲ್ಲಿ ‘ಕೋಲ್ಮಾ’ ಇದ್ದೇ ಇರುತ್ತದೆ. ಈತ ಬಿಡುಗಡೆ ಮಾಡಿದ ಆಲ್ಬಮ್‌ಗಳೋ, ಚಿಕ್ಕವು ದೊಡ್ಡವು ಸೇರಿ 300ಕ್ಕೂ ಹೆಚ್ಚು.

ಇನ್ನು ಹೆಸರಿನ ವಿಷಯ. ಕೋಲ್ಮಾ ಎನ್ನುವುದು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಪುಟ್ಟ ಊರು. ನೂರು ವರ್ಷಕ್ಕೂ ಹಿಂದೆ ಆ ನಗರದವರು ತಮ್ಮಲ್ಲಿ ಜಾಗ ಸಾಲದೆಂದು ಊರೊಳಗೆ ಹೂಳುವುದನ್ನೇ ನಿಷೇಧಿಸಿದರು. ಆಮೇಲೆ 1914ರಲ್ಲಿ ಇದ್ದ ಸ್ಮಶಾನಗಳನ್ನೂ ತೆರವು ಮಾಡಲು ಆದೇಶ ಹೊರಡಿಸಿದರು. ಸಾವಿರಾರು ಗೋರಿಗಳನ್ನು ಅಗೆದು ಕೋಲ್ಮಾಕ್ಕೆ ಸಾಗಿಸಲಾಯಿತು. ಈಗ ಅಲ್ಲಿ ಬದುಕಿರುವವರು ಸುಮಾರು 1,500, ಮಣ್ಣಿನಡಿ ಇರುವವರು ಸುಮಾರು 15 ಲಕ್ಷ. ಆಲ್ಬಮ್ಮಿನ ‘ಹಿಲ್ಸ್ ಆಫ್ ಎಟರ್ನಿಟಿ’ ಎಂಬ ತುಣುಕಿನ ಹೆಸರೂ ಅಲ್ಲಿನ ಒಂದು ಸ್ಮಶಾನದ್ದೇ.

ಕಾಯಿಲೆ ಬಿದ್ದ ತಾಯಿಗೆ ಕೊಡುವ ಉಡುಗೊರೆಗೆ ಸ್ಮಶಾನದೂರಿನ ಹೆಸರೇ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಅಪಶಕುನ ಎಂದ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಅಬ್ಬಾ ಹಬ್ಬದ ಬೆಳಿಗ್ಗೆ ನಮಾಜ್ ಮುಗಿಸಿ ಖಬರಸ್ತಾನಕ್ಕೆ ಹೋಗಿ ಸಲಾಂ ಹೇಳಿಯೇ ಮನೆಗೆ ಬಂದು ಶೀರ್ ಖುರ್ಮಾ ಕುಡಿಯುವುದು. ಸಾವಿನ ಮಾತು ಎತ್ತದೇ ಇದ್ದರೆ ಸಾವು ಬರುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಯಾರೂ ನಂಬುವುದಿಲ್ಲ. ವಾರ್ಡಿನಲ್ಲಿ ಮಲಗಿದವರಿಗೆ ಆ ಯೋಚನೆ ಬಂದೇ ಬಂದಿರುತ್ತದೆ. ಸತ್ತವರ ಪಟ್ಟಿ ಓದುವುದೂ ಅದೇ ವಿಷಯ, ಈ ಆಲ್ಬಮ್ಮೂ ಅದೇ ವಿಷಯ. ಆದರೆ ಒಂದನ್ನು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಇನ್ನೊಂದನ್ನು ಕೇಳಿದರೆ ಉಸಿರು ನಿಧಾನವಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಆ ತಟ್ಟೆ ಕೆರೆಯುವ ಸದ್ದು 1998ರಲ್ಲಿ ಹೊಸದಾಗಿತ್ತೋ ಏನೋ, ಈಗ ಮದುವೆ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಹಾಗೆ ಕೇಳಿಸುತ್ತದೆ. ‘ಘೋಸ್ಟ್’ ಎಂಬುದಕ್ಕೆ ಎರಡನೇ ಭಾಗದ ಅಗತ್ಯ ನನಗೆ ಕಾಣಲಿಲ್ಲ. ಆದರೆ ನನ್ನ ಗೆಳೆಯರ ದೂರು ಇವುಗಳ ಬಗ್ಗೆ ಅಲ್ಲ, ಸೋಲೋ ಎಲ್ಲಿ ಎಂಬುದು ಅವರ ದೂರು. ಅವರು ತಮಗಾಗಿ ಮಾಡದ ಅಡುಗೆಗೆ ಖಾರ ಸಾಲದು ಎನ್ನುತ್ತಿದ್ದಾರೆ.

ಸಂಗೀತವೇ ಸರಿಯೋ ತಪ್ಪೋ ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ನಮ್ಮ ಮನೆಯಲ್ಲೂ ಇದೆ. ವಾದ್ಯವೇ ಬೇಡ ಎನ್ನುವ ಆಲಿಮರಿದ್ದಾರೆ, ಬೇರೆ ಮಾತು ಹೇಳುವವರೂ ಇದ್ದಾರೆ. ಅದನ್ನು ತೀರ್ಮಾನಿಸುವಷ್ಟು ಇಲ್ಮ್ ನನಗಿಲ್ಲ. ನಾನು ಮೆಟಲ್ ಹಾಕಿದಾಗಲೆಲ್ಲ ಅಮ್ಮಿ ಅದನ್ನು ‘ಶೋರ್’ ಎಂದೇ ಕರೆಯುವುದು. ‘ಫಾರ್ ಮಾಮ್’ ಹಾಕಿದ ದಿನ ಹಾಗೆನ್ನಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದವರು, ಇದು ಯಾರದ್ದು ಎಂದು ಕೇಳಿದರು. ಒಬ್ಬ ಮಗ ತಾಯಿಗಾಗಿ ಮಾಡಿದ್ದು ಎಂದೆ. ಬಕೆಟ್ ವಿಷಯ ಹೇಳಲಿಲ್ಲ. “ಆ ತಾಯಿ ಹೇಗಿದ್ದಾರಂತೆ?” ಎಂದು ಕೇಳಿದರು.

ಕೇಳುವವರು ಮೊದಲ ತುಣುಕು ‘ವೈಟ್‌ವಾಷ್’ನಿಂದಲೇ ಶುರು ಮಾಡಿ, ದನಿ ತಗ್ಗಿಸಿ, ಇಯರ್‌ಫೋನ್ ಇಲ್ಲದೆ. ‘ಮೆಷೆಟಿ’ಯಲ್ಲಿ ಅರ್ಧ ದಾರಿಯಾದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಏಳುತ್ತದೆ, ಸೋಲೋ ಎಲ್ಲಿ ಎಂದು ಕೇಳುವ ಎರಡು ಬೆಂಚಿನವರು ಅಲ್ಲಿಗೆ ಹೋಗಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಅದೊಂದನ್ನು ಮಾತ್ರ ಬಿಟ್ಟು ಮುಂದಕ್ಕೆ ಹೋಗಿ.