ಕೈಗಾದ ಮುಪ್ಪು ಮತ್ತು ಮುಚ್ಚಿದ ಕಡತ

ದೇವಸುಗೂರಿನ ಕೃಷ್ಣಾ ದಂಡೆಯಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) ಹಳತಾಗಿರುವುದು, ಬಾಯ್ಲರ್ ಕೊಳವೆ ಸೋರಿ ಘಟಕ ನಿಂತಾಗಲೆಲ್ಲ ಅಲ್ಲಿನ ಶಕ್ತಿನಗರದವರಿಗೆ ತಿಳಿಯುತ್ತದೆ. ಕಾಳಿ ದಂಡೆಯ ಕೈಗಾ ಅಣುಸ್ಥಾವರದ ಮುಪ್ಪು ಹಾಗೆ ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ಅಲ್ಲಿಯ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಲ್ಲೇ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅವುಗಳ ಪಕ್ಕದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡನ್ನು ಕಟ್ಟಹೊರಟಿರುವಾಗ, ಹಳೆಯವುಗಳ ತಪಾಸಣಾ ವರದಿ ತೋರಿಸಿ ಎಂದು ಕೇಳುವುದನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ.

ಕೈಗಾ ಮಾದರಿಯ ಭಾರಜಲ ರಿಯಾಕ್ಟರಿನಲ್ಲಿ ಬೇಗ ಸವೆಯುವ ಮುಖ್ಯ ಅಂಗವೆಂದರೆ ಯುರೇನಿಯಂ ಇಂಧನವನ್ನು ಹೊತ್ತ ಒತ್ತಡ ಕೊಳವೆಗಳು. ಜಿರ್ಕೋನಿಯಂ ಮಿಶ್ರಲೋಹದ ಈ ಕೊಳವೆಗಳು ವರ್ಷಗಟ್ಟಲೆ ವಿಕಿರಣ ತಾಳಿ, ಜಲಜನಕ ಹೀರಿ, ಹಿಗ್ಗಿ ಬಾಗಿ ಪೆಡಸಾಗುತ್ತವೆ. ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ 1983ರಲ್ಲಿ ಅಂಥದೊಂದು ಸೀಳಿಹೋಯಿತು. ಮೂಲ ವಿನ್ಯಾಸ ಕೊಟ್ಟ ಅದೇ ಕೆನಡಾ 1974ರ ಪೋಖ್ರಾನ್ ಸ್ಫೋಟದ ನಂತರ ಸಹಕಾರ ಕಡಿದುಕೊಂಡಿದ್ದರಿಂದ, ಕೊಳವೆ ಬದಲಿಸುವ ವಿದ್ಯೆಯನ್ನು ಭಾರತದ ಎಂಜಿನಿಯರುಗಳು ಬಹುಮಟ್ಟಿಗೆ ತಾವೇ ಕಲಿಯಬೇಕಾಯಿತು, ಅದು ಮೆಚ್ಚತಕ್ಕದ್ದೇ. ಆದರೂ ಫುಕುಶಿಮಾ ದುರಂತಕ್ಕೆ ಸರಿಯಾಗಿ ಐದು ವರ್ಷ ತುಂಬಿದ 2016ರ ಮಾರ್ಚ್ 11ರಂದು ಗುಜರಾತಿನ ಕಾಕ್ರಪಾರದ ಮೊದಲ ಘಟಕದಲ್ಲಿ ಕೊಳವೆ ಸೋರಿತು, ಅದೂ ಹಳೆಯವನ್ನೆಲ್ಲ ತೆಗೆದು ಹೊಸದನ್ನು ಕೂಡಿಸಿದ ಮೇಲೆ.

ಇಂಥ ಸ್ಥಾವರಗಳನ್ನು ಹೊರಗಿನವರು ತಪಾಸಣೆ ಮಾಡುವ ದಾರಿಗಳೂ ಇವೆ. ಚೆರ್ನೋಬಿಲ್ ದುರಂತದ ಬಳಿಕ ಸ್ಥಾವರ ನಡೆಸುವವರೇ 1989ರಲ್ಲಿ ಕಟ್ಟಿಕೊಂಡ ‘ವಾನೋ’ ಸಂಘ ಪರಸ್ಪರ ತಪಾಸಣೆ ನಡೆಸುತ್ತದಾದರೂ ಅದರ ವರದಿಗಳು ಸದಸ್ಯರ ನಡುವೆಯೇ ಉಳಿಯುತ್ತವೆ. ಬಾಗಿಲು ಹಾಕಿಕೊಂಡು ಮಾಡಿದ ಪಂಚಾಯಿತಿಯನ್ನು ಊರು ನಂಬುವುದು ಹೇಗೆ? ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ‘ಓಸಾರ್ಟ್’ ತಂಡ, ಅಂದರೆ ಹಲವು ದೇಶಗಳ ತಜ್ಞರು ಸ್ಥಾವರದ ದೈನಂದಿನ ನಿರ್ವಹಣೆಯನ್ನು ಪರಿಶೀಲಿಸುವ ಏರ್ಪಾಡು, ಆಯಾ ಸರ್ಕಾರ ಕರೆದರೆ ಮಾತ್ರ ಬರುತ್ತದೆ. 2012ರಲ್ಲಿ ಅದನ್ನು ರಾಜಸ್ಥಾನದ 3 ಮತ್ತು 4ನೇ ಘಟಕಗಳಿಗೆ ಭಾರತವೇ ಕರೆಸಿತ್ತು. ಕೈಗಾವನ್ನು ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ ಮಾಡಿದ 2006ರ ನಾಗರಿಕ ಸ್ಥಾವರಗಳ ಪಟ್ಟಿಯಿಂದ ಹೊರಗಿಟ್ಟದ್ದು ಅಣ್ವಸ್ತ್ರಕ್ಕೆ ವಸ್ತು ಹೋಗದಂತೆ ಲೆಕ್ಕವಿಡುವ ನಿಗಾಕ್ಕೆ ಸಂಬಂಧಿಸಿದ ಸಂಗತಿ. ಸುರಕ್ಷತೆಯ ತಪಾಸಣೆ ತಪ್ಪಿಸಲು ಅದು ನೆಪವಾಗಲಾಗದು.

1994ರಲ್ಲಿ ಕಟ್ಟುತ್ತಿದ್ದಾಗಲೇ ಒಳಗುಮ್ಮಟದ ಕಾಂಕ್ರೀಟ್ ಕಳಚಿಬಿದ್ದ, 2009ರಲ್ಲಿ ಕುಡಿಯುವ ನೀರಿಗೇ ವಿಕಿರಣಶೀಲ ಟ್ರಿಟಿಯಂ ಬೆರೆತ ಸ್ಥಾವರವಿದು. ಕೈಗಾದ ಮೊದಲೆರಡು ಘಟಕಗಳಿಗೆ ಓಸಾರ್ಟ್ ತಂಡವನ್ನು ಕರೆಸಿ, ಅದರ ವರದಿಯನ್ನು ಕನ್ನಡದಲ್ಲಿ ಕಾರವಾರ, ಯಲ್ಲಾಪುರಗಳ ಜನರ ಮುಂದಿಡುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು.